ಮೂರು ಸಲ ತಿದ್ದಿದ ತಾರಸಿ

ಫೆಬ್ರವರಿ 6

ಪ್ರೀತಿಯ ಗೂಟಕ್ಕೆ,

ಐವತ್ತೆರಡು ತುಂಬಿದ ಗಂಡಸನ್ನು ಇನ್ನೂ ಗೂಟ ಅನ್ನುತ್ತಾಳಲ್ಲ ಎಂದು ಮುಖ ಊದಿಸಬೇಡ. ಕಾಲೇಜು ರಜೆಯಲ್ಲಿ ನನ್ನ ಅಳತೆ ಕೋಲು ಹಿಡಿದು, ಸುಡು ಬಿಸಿಲಿನಲ್ಲಿ ಅಲ್ಲಾಡದೆ ನಿಂತು ಸಂಪಾದಿಸಿದ ಬಿರುದು ಅದು. ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ. ನಿನ್ನಷ್ಟು ನೆಟ್ಟಗೆ ಕೋಲು ಹಿಡಿದವರು ಇನ್ನೊಬ್ಬರು ಸಿಗಲಿಲ್ಲ.

ನೀನು ಕಳಿಸಿದ ಪೆಟ್ಟಿಗೆ ಬಂತು. ಬೋರಲು ಹಾಕಿದ ಬಿಳಿ ಬಟ್ಟಲಿನಂಥ ಆಂಟೆನಾ, ಅದಕ್ಕೊಂದು ವೈರು, ವೈರಿಗೊಂದು ಅಂಗೈಯಗಲದ ಡಬ್ಬಿ. ತಾರಸಿಯ ಆಗ್ನೇಯ ಮೂಲೆಯ ಕಂಬಕ್ಕೆ ನಾನೇ ಡ್ರಿಲ್ ಹಿಡಿದು ತೂತು ಕೊರೆದು ನಾಲ್ಕು ಬೋಲ್ಟು ಬಿಗಿದೆ. ನಿನ್ನ ಮಂಡಿ, ನಿನ್ನ ಮಂಡಿ ಎಂದು ಶುರು ಮಾಡಬೇಡ. ಬೋಲ್ಟು ಬಿಗಿಯುವುದು ಮಂಡಿಯಿಂದಲ್ಲ.

ನೆಲಮಹಡಿಯ ಹೊಲಿಗೆಯವಳು ಕುತೂಹಲ ತಡೆಯಲಾರದೆ ಹತ್ತಿ ಬಂದಳು.

"ಅಕ್ಕಾ, ಇದರಲ್ಲಿ ಸಿನಿಮಾ ಬರುತ್ತಾ?"

"ಇಲ್ಲ ಕಣಮ್ಮ. ಇದು ದಿನವಿಡೀ 'ನಾನು ಇಲ್ಲಿದ್ದೀನಿ, ನಾನು ಇಲ್ಲೇ ಇದ್ದೀನಿ' ಅಂತ ಹೇಳ್ತಾ ಕೂತಿರುತ್ತೆ, ಅಷ್ಟೇ."

"ಅಷ್ಟಕ್ಕೇ ದುಡ್ಡು ಕೊಡ್ತಾರಾ?"

"ಕೊಡ್ತಾರೆ."

"ಅಯ್ಯೋ, ಹಾಗಾದ್ರೆ ನನ್ನ ಗಂಡಂಗೂ ಕೊಡಬೇಕಿತ್ತಲ್ಲ! ಮೂವತ್ತು ವರ್ಷದಿಂದ ಕುರ್ಚೀಲಿ ಕೂತು ಅದನ್ನೇ ಹೇಳ್ತಿದಾನೆ."

ನಮ್ಮ ಕಟ್ಟಡದ ಸಂಘದ ಸಭೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಬೇಕಾಯಿತು. ಉಪಗ್ರಹ ನಾವೆಲ್ಲಿದ್ದೇವೆ ಎಂದು ಹೇಳುತ್ತದೆ, ಆದರೆ ನಡುವಿನ ಗಾಳಿ ಅದರ ಮಾತನ್ನು ಕೆಡಿಸಿ ಎರಡು ಮೂರು ಮಾರು ಆಚೀಚೆ ಮಾಡುತ್ತದೆ. ನಮ್ಮ ಆಂಟೆನಾಕ್ಕೆ ತಾನೆಲ್ಲಿದ್ದೇನೆ ಎಂಬುದು ಮೊದಲೇ ಕರಾರುವಾಕ್ಕಾಗಿ ಗೊತ್ತು. ಹಾಗಾಗಿ ಆಕಾಶ ಈ ಕ್ಷಣ ಎಷ್ಟು ಸುಳ್ಳು ಹೇಳುತ್ತಿದೆ ಎಂದು ಅದು ಕಂಡುಹಿಡಿದು ಸುತ್ತಲಿನ ಟ್ರ್ಯಾಕ್ಟರಿಗೆ, ಡ್ರೋನಿಗೆ, ರಸ್ತೆ ಹಾಕುವವರಿಗೆ ತಿಳಿಸುತ್ತದೆ. ಇಂಥ ಸಾವಿರಾರು ಚಾವಣಿಗಳಿವೆ, ಯಾರದೋ ಮನೆಯದು, ಯಾರದೋ ಅಂಗಡಿಯದು. ಮೇಲೆ ಯಜಮಾನ ಎಂಬುವನಿಲ್ಲ. ನೆಟ್ಟಗೆ ನಿಂತ ಚಾವಣಿಗೆ ದಿನಾ ಒಂದಿಷ್ಟು ಕ್ರಿಪ್ಟೊ ನಾಣ್ಯ. ಇದಿಷ್ಟನ್ನೂ ಕೇಳಿ ನಮ್ಮ ಸಂಘದ ಅಧ್ಯಕ್ಷರು, ಆ ಬಸ್ ಕಂಡಕ್ಟರು, "ಅಂದ್ರೆ ಚಿಲ್ಲರೆ ಸರಿ ಮಾಡಿ ಕೊಡೋ ಕೆಲಸ" ಅಂದರು. ಅಷ್ಟು ಚೆನ್ನಾಗಿ ನನಗೂ ಹೇಳಲು ಬಂದಿರಲಿಲ್ಲ.

ಆ ನಾಣ್ಯವನ್ನು ಲಿಫ್ಟಿನ ಖರ್ಚಿಗೆ ಬಿಟ್ಟುಕೊಟ್ಟಿದ್ದೇನೆ. ಒಂದು ವರ್ಷದಿಂದ ಕೆಟ್ಟು ನಿಂತಿದ್ದ ಲಿಫ್ಟು ಮೊನ್ನೆ ಓಡಿತು. ಮೂರನೆಯ ಮಹಡಿಯಿಂದ ಕಂಡಕ್ಟರ ಹೆಂಡತಿ ಗಾಲಿಕುರ್ಚಿಯಲ್ಲಿ ಇಳಿದು ಬೀದಿ ನೋಡಿದರು. ಕಂಡಕ್ಟರು ಬಾಗಿಲಲ್ಲಿ ನಿಂತು "ರೈಟ್ ರೈಟ್" ಅಂದರು. ನನಗೆ ಕಣ್ಣು ತುಂಬಿ ಬಂತು ಮಾರಾಯ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀಯ. ಫೋನಿನ ಮಾತಿಗೆ ಗುರುತಿಲ್ಲ. ಅಳತೆ ಬರೆದಿಡುವ ಫೀಲ್ಡ್ ಪುಸ್ತಕದ ನಿಯಮ ನೆನಪಿದೆ ತಾನೆ? ಶಾಯಿಯಲ್ಲೇ ಬರೆಯಬೇಕು. ತಪ್ಪಾದರೆ ಅಳಿಸಬಾರದು. ಹಳೆಯ ಅಂಕಿ ಓದಲು ಬರುವ ಹಾಗೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ನೀನೊಮ್ಮೆ ಕದ್ದು ಪೆನ್ಸಿಲಿನಲ್ಲಿ ಬರೆದು ರಬ್ಬರಿನಿಂದ ಉಜ್ಜಿದ್ದಕ್ಕೆ ಇಡೀ ಗುಡ್ಡವನ್ನು ಮತ್ತೆ ಅಳೆಸಿದ್ದೆ. ಆದ್ದರಿಂದ ಕಾಗದವೇ ಬರೆ.

ಪಕ್ಕದ ಖಾಲಿ ಸೈಟಿನಲ್ಲಿ ದೊಡ್ಡ ಕಟ್ಟಡ ಬರುತ್ತದಂತೆ. ಮೂರು ನೆಲಮಾಳಿಗೆಗೆ ಗುಂಡಿ ತೋಡಲು ಶುರು ಮಾಡಿದ್ದಾರೆ. ಗುಂಡಿಗೆ ಬಂದ ನೀರನ್ನು ಹೊರಗೆ ಹಾಕುವ ಪಂಪು ಬೆಳಗಿನಿಂದ ಬಡಕೊಳ್ಳುತ್ತಿದೆ. ಕಿವಿಗೆ ಹತ್ತಿ ಇಟ್ಟುಕೊಂಡು ಇದನ್ನು ಬರೆದೆ.

ಅಕ್ಕ


ಫೆಬ್ರವರಿ 24

ಅಕ್ಕಾ,

ನಿನ್ನ ಕಾಗದ ಓದಿ ಒಬ್ಬನೇ ನಕ್ಕೆ. ಕೆಳಗಿನ ಟೈರ್ ಅಂಗಡಿಯವನು ಮೇಲೆ ಬಂದು "ಹುಷಾರಾಗಿದ್ದೀರಾ?" ಎಂದು ವಿಚಾರಿಸಿದ. ಈ ಊರಿನಲ್ಲಿ ನನ್ನನ್ನು ವಿಚಾರಿಸುವವನು ಅವನೊಬ್ಬನೇ.

ನನ್ನ ಕೆಲಸ ಏನೆಂದು ನೀನು ಕೇಳುತ್ತಲೇ ಇದ್ದೆ, ಹೇಳಿಬಿಡುತ್ತೇನೆ. ಪ್ರತಿ ಚಾವಣಿಯ ಜಾಗವನ್ನು ಯಂತ್ರ ದಿನಕ್ಕೊಮ್ಮೆ ಲೆಕ್ಕ ಹಾಕುತ್ತದೆ. ನೋಂದಾಯಿಸಿದ ಜಾಗಕ್ಕಿಂತ ಎರಡು ಸೆಂಟಿಮೀಟರು ಸರಿದರೆ ಆ ಚಾವಣಿಯ ನಾಣ್ಯ ನಿಲ್ಲುತ್ತದೆ, ಕಡತ ನನ್ನಂಥ ಪರಿಶೀಲಕನ ಮುಂದೆ ಬರುತ್ತದೆ. ಬೋಲ್ಟು ಸಡಿಲವಾಯಿತೋ, ಯಾರಾದರೂ ಕಂಬ ಅಲ್ಲಾಡಿಸಿದರೋ ನೋಡಬೇಕು. ಮೋಸ ಅನ್ನಿಸಿದರೆ ಚಾವಣಿಯನ್ನು ತೆಗೆದುಹಾಕಬೇಕು. ಹೊಸ ಸಿಮೆಂಟು ಕೂತುಕೊಂಡಿತು ಅಷ್ಟೇ ಅನ್ನಿಸಿದರೆ, ಈಗಿರುವ ಜಾಗವನ್ನೇ ಸರಿಯೆಂದು ಮತ್ತೆ ನೋಂದಾಯಿಸಬಹುದು. ನೆಂಟರ ಚಾವಣಿಯನ್ನು ಮಾತ್ರ ನಾವು ಮುಟ್ಟುವಂತಿಲ್ಲ. ನಿನ್ನದು ಬಂದರೆ ಬೇರೆಯವರಿಗೆ ದಾಟಿಸಬೇಕು.

ಆದರೂ ಬೆಳಿಗ್ಗೆ ಕೂತ ಕೂಡಲೇ ನಕ್ಷೆಯಲ್ಲಿ ನಿನ್ನ ಹಸಿರು ಚುಕ್ಕಿ ನೋಡುತ್ತೇನೆ. ಅಕ್ಕ ಇದ್ದಾಳೆ, ಇದ್ದಲ್ಲೇ ಇದ್ದಾಳೆ ಎಂದುಕೊಂಡು ಕೆಲಸ ಶುರು ಮಾಡುತ್ತೇನೆ.

ಕಂಬಕ್ಕೆ ಯಾರೂ ಬಟ್ಟೆ ಹಗ್ಗ ಕಟ್ಟದ ಹಾಗೆ ನೋಡಿಕೋ.

ಗೂಟ


ಏಪ್ರಿಲ್ 11

ಗೂಟಕ್ಕೆ,

ನಿನ್ನ ಕಂಪನಿಗೆ ಏನು ಬಂದಿದೆ ರೋಗ? ಮೊನ್ನೆ ಏಳನೇ ತಾರೀಕಿನಂದು ನಾಣ್ಯ ನಿಲ್ಲಿಸಿದರು. "ನಿಮ್ಮ ನಿಲ್ದಾಣ ಸರಿದಿದೆ, ಆಂಟೆನಾವನ್ನು ಉದ್ದೇಶಪೂರ್ವಕವಾಗಿ ಸ್ಥಳಾಂತರಿಸಿದ್ದೀರಾ?" ಎಂದು ಪ್ರಶ್ನೆ ಬೇರೆ. ನಾನು! ಗಡಿಕಲ್ಲು ಕಿತ್ತು ಆಚೆ ನೆಟ್ಟವರನ್ನು ಕೋರ್ಟಿಗೆ ಎಳೆದವಳನ್ನು ಕೇಳುವ ಮಾತೇ ಇದು? ಮೈಯೆಲ್ಲ ಉರಿದುಹೋಯಿತು. ತಾರಸಿಗೆ ಹತ್ತಿ ನಾಲ್ಕೂ ಬೋಲ್ಟು ನೋಡಿದೆ. ಒಂದು ಎಳೆಯಷ್ಟೂ ಸಡಿಲವಾಗಿಲ್ಲ.

ಹಾಗಾದರೆ ಯಾರೋ ಕಂಬ ಎಳೆದಿರಬೇಕು ಎಂದು ಹೊಲಿಗೆಯವಳ ಮೇಲೆ ಹೋದೆ. ಅವಳು ಅಲ್ಲೇ ಹತ್ತಿರ ಹೊದಿಕೆ ಒಣಗಿಸಿದ್ದಳು. "ನಿನ್ನ ಒದ್ದೆ ಹೊದಿಕೆಗೆ ನನ್ನ ಕಂಬವೇ ಬೇಕಾಗಿತ್ತಾ?" ಅಂತ ಕೂಗಾಡಿದೆ. "ನಾನು ಮುಟ್ಟಿಲ್ಲ ಅಕ್ಕಾ, ನನ್ನ ಹಗ್ಗ ಆ ಕಡೆ ಗೋಡೆದು" ಅಂದಳು. ನಾನು ಕೇಳಲಿಲ್ಲ. ಅವಳು ಹಗ್ಗ ಬಿಚ್ಚಿಕೊಂಡು ಇಳಿದು ಹೋದಳು. ಅವತ್ತಿನಿಂದ ಅವಳ ಮಾತಿಲ್ಲ.

ನಿನ್ನೆ ಸಂಜೆ ನಾಣ್ಯ ತಾನಾಗಿಯೇ ಶುರುವಾಯಿತು. ಯಾರೋ ಪರಿಶೀಲಕ ಪುಣ್ಯಾತ್ಮ ಕಣ್ಣು ಬಿಟ್ಟು ನೋಡಿರಬೇಕು. ಈಗ ನಮ್ಮ ಪುಟದಲ್ಲಿ "ಸ್ಥಿರ ನಿಲ್ದಾಣ, ಪರಿಶೀಲಕರು ಖಚಿತಪಡಿಸಿದ್ದಾರೆ" ಎಂದು ಹಸಿರು ಮುದ್ರೆ ಇದೆ. ಅವನು ಯಾರೆಂದು ಗೊತ್ತಾದರೆ ನನ್ನ ಪರವಾಗಿ ಬೆನ್ನು ತಟ್ಟು.

ಮನೆಯಲ್ಲಿ ವಿಶೇಷವೇನಿಲ್ಲ. ಬಚ್ಚಲ ಬಾಗಿಲು ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ. ಹಜಾರದ ದೊಡ್ಡ ಕನ್ನಡಿಯನ್ನು ಮಲಗುವ ಕೋಣೆಯ ಗೋಡೆಗೆ ತೂಗುಹಾಕಿದ್ದೇನೆ, ಅಲ್ಲಿ ಚೆನ್ನಾಗಿ ಕಾಣುತ್ತದೆ.

ಅಕ್ಕ


ಏಪ್ರಿಲ್ 29

ಅಕ್ಕಾ,

ಕೆಲಸ ಹೆಚ್ಚು, ಚಿಕ್ಕದಾಗಿ ಬರೆಯುತ್ತಿದ್ದೇನೆ. ಇಂಥದ್ದೆಲ್ಲ ಆಗುತ್ತಿರುತ್ತದೆ, ತಲೆ ಕೆಡಿಸಿಕೊಳ್ಳಬೇಡ. ಹೊಸದಾಗಿ ಕೂರಿಸಿದ ಆಂಟೆನಾ ಸ್ವಲ್ಪ ಇಳಿಯುವುದು ಸಹಜ. ಹೊಲಿಗೆಯವರ ಹತ್ತಿರ ಮಾತಾಡು, ಪಾಪ.

ಬಚ್ಚಲ ಬಾಗಿಲಿಗೆ ವಯಸ್ಸಾಯಿತು ಅಷ್ಟೇ. ಅದರ ಮಂಡಿಯೂ ನಿನ್ನ ಮಂಡಿಯ ಹಾಗೆ. ಮರಗೆಲಸದವನನ್ನು ಕರೆಸಿ ಹತ್ರಿ ಹೊಡೆಸಿ ಅಂಚು ಒಂದಿಷ್ಟು ಕೆತ್ತಿಸು, ಸರಿಹೋಗುತ್ತದೆ.

ಆ ಪರಿಶೀಲಕ ಯಾರೋ ಗೊತ್ತಿಲ್ಲ. ಯಾರಾದರೇನು.

ಲಿಫ್ಟು ಓಡುತ್ತಿದೆ ತಾನೆ?

ಗೂಟ


ಜೂನ್ 20

ಗೂಟಕ್ಕೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಹೊರಟಾಗಲೆಲ್ಲ ಹಲ್ಲು ಕಚ್ಚಿಕೊಂಡು ಪೆನ್ನು ಕೆಳಗಿಡುತ್ತಿದ್ದೆ. ಇವತ್ತು ಎಲ್ಲ ಹೇಳುತ್ತೇನೆ, ಕೂತು ಓದು.

ಮರಗೆಲಸದವನು ಬಾಗಿಲಿಗೆ ಹತ್ರಿ ಹೊಡೆದು ಹೋದ. ಹದಿನೈದು ದಿನಕ್ಕೆ ಅದು ಮತ್ತೆ ಸಿಕ್ಕಿಹಾಕಿಕೊಂಡಿತು. ಮತ್ತೆ ಕರೆಸಿದೆ. "ಅಮ್ಮಾ, ಬಾಗಿಲು ಸರಿಯಾಗೇ ಇದೆ. ನಿಮ್ಮ ಚೌಕಟ್ಟೇ ಸೊಟ್ಟ ಆಗ್ತಿದೆ" ಅಂದ. ಹಾಗಾದರೆ ಕದಲಿದ್ದು ಕಂಬವಲ್ಲ, ಕಟ್ಟಡವೇ. ಹೊಲಿಗೆಯವಳ ಮನೆಗೆ ಇಳಿದು ಹೋಗಿ ಕ್ಷಮೆ ಕೇಳಿದೆ. ಅವಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹೊಲಿಗೆ ಯಂತ್ರದ ಹಿಂದಿನ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ನೆಲದ ಮೇಲೆ ದಾರದ ಉಂಡೆ ಇಟ್ಟು ತೋರಿಸಿದಳು. ಅದು ತಾನಾಗಿ ಉರುಳಿ ಗುಂಡಿಯ ಕಡೆಯ ಗೋಡೆಗೆ ಹೋಗಿ ನಿಂತಿತು.

ಅಟ್ಟದಿಂದ ಏರುತಗ್ಗು ಅಳೆಯುವ ನನ್ನ ಹಳೆಯ ಲೆವೆಲ್ ಯಂತ್ರ ಇಳಿಸಿದೆ. ಕೋಲು ಹಿಡಿಯಲು ಕಂಡಕ್ಟರು ಬಂದರು, ಬಸ್ಸಿನಲ್ಲಿ ನಿಂತು ರೂಢಿಯಾದ ಮನುಷ್ಯ ಗಾಳಿಗೆ ತೂಗಿದ ಹಾಗೆ ತೂಗುತ್ತಾರೆ. ಆದರೂ ಐದು ವಾರ ಅಳೆದೆ, ಪ್ರತಿ ಶುಕ್ರವಾರ, ಮೆಟ್ಟಿಲಿನ ಬುಡದಲ್ಲಿ, ಶಾಯಿಯಲ್ಲಿ. ಗುಂಡಿಯ ಕಡೆಯ ಮೂಲೆ ಇಳಿಯುತ್ತಿದೆ. ನಾಲ್ಕು ಮಹಡಿ, ಹನ್ನೆರಡು ಸಂಸಾರ. ಪಂಪು ನೀರೆಳೆದಷ್ಟೂ ನಮ್ಮ ಕೆಳಗಿನ ಮಣ್ಣು ಕೂತುಕೊಳ್ಳುತ್ತಿದೆ.

ನಗರದ ಕಟ್ಟಡ ಕಚೇರಿಗೆ ದೂರು ಕೊಟ್ಟೆವು. ಮೊನ್ನೆ ಹದಿನೇಳಕ್ಕೆ ವಿಚಾರಣೆ ಇತ್ತು. ಸೈಟಿನ ಎಂಜಿನಿಯರ್ ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ನನ್ನ ಫೀಲ್ಡ್ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಕೈಯಲ್ಲಿ ಬರೆದದ್ದು, ಹಳೇ ಯಂತ್ರ, ಕೋಲು ಹಿಡಿದವರು ಬಸ್ ಕಂಡಕ್ಟರು" ಅಂದ. ನಾನು ಬಿಡಲಿಲ್ಲ. "ಪುಸ್ತಕ ಬೇಡ ಅಂದ್ರೆ ಬಿಡಿ. ತಾರಸಿ ಮೇಲೆ ನನ್ನ ಆಂಟೆನಾ ಇದೆ. ಮಿಲಿಮೀಟರಿನ ಲೆಕ್ಕದಲ್ಲಿ ಸಾಕ್ಷಿ ಹೇಳುತ್ತೆ. ತೆಗೀರಿ ಅದರ ಪುಟ!" ಎಂದು ಎದೆ ತಟ್ಟಿ ಹೇಳಿದೆ.

ತೆಗೆದರು. ಕಚೇರಿಯ ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುವ ಹಾಗೆ. ರೇಖೆ ಹಲಗೆಯ ಹಾಗೆ ಮಟ್ಟವಾಗಿತ್ತು. ಪಕ್ಕದಲ್ಲಿ ಆ ಹಸಿರು ಮುದ್ರೆ. ಎಂಜಿನಿಯರ್ ಅದನ್ನು ಗಟ್ಟಿಯಾಗಿ, ನಿಧಾನವಾಗಿ ಓದಿದ: "ಸ್ಥಿರ ನಿಲ್ದಾಣ, ಪರಿಶೀಲಕರು ಖಚಿತಪಡಿಸಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ನಿಮ್ಮ ಯಂತ್ರನೇ ಕಟ್ಟಡ ಬಂಡೆ ಹಾಗಿದೆ ಅಂತಿದೆಯಲ್ಲ" ಅಂದ. ಯಾರೋ ಕಿಸಕ್ಕನೆ ನಕ್ಕರು. ಕಂಡಕ್ಟರು ನೆಲ ನೋಡುತ್ತ ಕೂತರು. ಸಾಯುವಷ್ಟು ಅವಮಾನವಾಯಿತು.

ಆಂಟೆನಾ ಅನಧಿಕೃತವಂತೆ, ಅದರ ಭಾರದಿಂದಲೇ ಬಿರುಕು ಬಂದಿರಬಹುದಂತೆ, ಇಳಿಸಿಬಿಡಿ ಎಂದು ಅಧಿಕಾರಿ ಹೇಳಿದರು. ಅನ್ನದ ಬಟ್ಟಲಿನಷ್ಟು ಭಾರ ಅದು! "ನಾನು ಇಳಿಸಲ್ಲ. ಬೇಕಾದ್ರೆ ನನ್ನನ್ನೂ ಸೇರಿಸಿ ಇಳಿಸಿ" ಎಂದು ಎದ್ದು ಬಂದೆ. ಜುಲೈ 9ಕ್ಕೆ ಕೊನೆಯ ವಿಚಾರಣೆ. ಅವತ್ತು ಹೊಸ ಸಾಕ್ಷಿ ಇಲ್ಲದಿದ್ದರೆ ಕಡತ ಮುಚ್ಚುತ್ತಾರೆ.

ಈಗ ನೀನು ಹೇಳು. ಸಮಾಧಾನದ ಮಾತು ಬೇಡ, ಫೋನೂ ಎತ್ತುವುದಿಲ್ಲ, ಕಾಗದದಲ್ಲೇ ಬರೆ. ನನ್ನ ಪುಸ್ತಕ ಸರಿಯೋ, ನಿಮ್ಮ ಯಂತ್ರ ಸರಿಯೋ? ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಬಂದಿದೆ. ಹೊಲಿಗೆಯವಳು ಕೇಳಿದಳು, "ಅಕ್ಕಾ, ನಾನು ಈ ಮನೇಲಿ ಮಲಗಬಹುದಾ?" ನಾನು ಏನು ಹೇಳಲಿ?

ಅಕ್ಕ


ಜೂನ್ 29

ಅಕ್ಕಾ,

"ಯಂತ್ರಗಳೂ ಕೆಲವೊಮ್ಮೆ ತಪ್ಪುತ್ತವೆ" ಎಂದು ಮೊದಲ ಸಾಲು ಬರೆದಿದ್ದೆ. ಅದರ ಮೇಲೆ ಒಂದು ಗೀಟು ಎಳೆದಿದ್ದೇನೆ. ಓದಲು ಬರುತ್ತದೆ, ನೋಡು.

ಯಂತ್ರ ತಪ್ಪಲಿಲ್ಲ. ನಿನ್ನ ಪುಸ್ತಕವೂ ತಪ್ಪಲಿಲ್ಲ. ಆ ಪರಿಶೀಲಕ ಪುಣ್ಯಾತ್ಮ ನಾನು.

ಏಪ್ರಿಲ್‌ನಲ್ಲಿ ನಿನ್ನ ನಂಬರು ನನ್ನ ಪರದೆಗೆ ಬಂತು. ಬೇರೆಯವರಿಗೆ ದಾಟಿಸಬೇಕಿತ್ತು. ದಾಟಿಸಿದರೆ ಅವರು ನಿನ್ನನ್ನು ಮೋಸಗಾತಿ ಎಂದು ತೆಗೆದುಹಾಕುತ್ತಾರೆ, ಲಿಫ್ಟು ನಿಲ್ಲುತ್ತದೆ, ಆ ಗಾಲಿಕುರ್ಚಿ ಮತ್ತೆ ಮೂರನೆಯ ಮಹಡಿಯಲ್ಲೇ ಉಳಿಯುತ್ತದೆ ಅನ್ನಿಸಿತು. ಅಕ್ಕ ಮೋಸ ಮಾಡುವವಳಲ್ಲ, ಹೊಸ ಕಂಬ ಕೂತುಕೊಂಡಿರುತ್ತದೆ ಎಂದುಕೊಂಡೆ. ಈಗಿರುವ ಜಾಗವೇ ಸರಿಯೆಂದು ನೋಂದಾಯಿಸಿ ಮುದ್ರೆ ಒತ್ತಿದೆ. ಹಾಗೆ ಮಾಡಿದಾಗ ಪುಟದ ರೇಖೆ ಹೊಸ ಜಾಗದಿಂದ ಮತ್ತೆ ಸೊನ್ನೆಗೆ ಬರುತ್ತದೆ, ಕೊನೆಯ ಏಳು ದಿನ ಮಾತ್ರ ಕಾಣುತ್ತದೆ, ಎರಡು ಸೆಂಟಿಮೀಟರಿನೊಳಗಿನದನ್ನು ಮಟ್ಟ ರೇಖೆಯಾಗಿಯೇ ತೋರಿಸುತ್ತದೆ. ಮೇ ತಿಂಗಳಲ್ಲಿ ಮತ್ತೆ ಸರಿಯಿತು. ಈ ಸಲ ನಾಣ್ಯ ನಿಂತದ್ದು ನಿನಗೆ ತಿಳಿಯುವ ಮೊದಲೇ ತಿದ್ದಿದೆ. ಜೂನ್‌ನಲ್ಲೂ ತಿದ್ದಿದೆ. ಒಂದು ಕಂಬ ಮೂರು ಸಲ ಕೂತುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು ಅಕ್ಕಾ. ಗೊತ್ತಿದ್ದೂ ನಿನ್ನನ್ನು ಕೇಳಲಿಲ್ಲ. ಕೇಳಿದರೆ ನಾನು ಮಾಡಿದ್ದು ಹೊರಗೆ ಬರುತ್ತಿತ್ತು. ಬಾಗಿಲಿನ ವಿಷಯ ಬರೆದಾಗ ನಾನು ತಮಾಷೆ ಮಾಡಿದೆ.

ನಿಮ್ಮ ತಾರಸಿ ಎಂಬತ್ತೊಂದು ಮಿಲಿಮೀಟರು ಇಳಿದಿದೆ. ಅದರಲ್ಲಿ ಹದಿನೆಂಟು ಕಳೆದ ಇಪ್ಪತ್ತು ದಿನದಲ್ಲೇ.

ನಿನ್ನ ಕಾಗದ ಸಿಕ್ಕ ಗಳಿಗೆಯಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತಲಿಲ್ಲ. ಕೊನೆಗೆ ಕಂಡಕ್ಟರಿಗೆ ಮಾಡಿದೆ. ಕೆಳಗಿನ ಎರಡು ಮಹಡಿಯವರನ್ನು ಇವತ್ತೇ ಬೇರೆ ಕಡೆ ಕಳಿಸಿ ಎಂದು ಬೇಡಿಕೊಂಡೆ. ಈ ಕಾಗದವನ್ನು ತುರ್ತು ಅಂಚೆಗೆ ಹಾಕುತ್ತೇನೆ.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ.

ಗೂಟ


ಜುಲೈ 2

ಕಂಡಕ್ಟರು ಫೋನ್ ಇಟ್ಟ ಕೂಡಲೇ ಸೀಟಿ ಊದಿ ಎಲ್ಲರನ್ನೂ ಇಳಿಸಿದರು. ಕೆಳಗಿನ ಆರೂ ಮನೆ ಖಾಲಿ. ಹೊಲಿಗೆಯವಳು ಯಂತ್ರ ಹೊತ್ತುಕೊಂಡು ತಂಗಿಯ ಮನೆಗೆ ಹೋದಳು. ನಾನು ಮೇಲೆಯೇ ಇದ್ದೇನೆ, ಇಲ್ಲದಿದ್ದರೆ ಆಂಟೆನಾ ಇಳಿಸಲು ಬರುತ್ತಾರೆ.

ನಿನ್ನ ಫೋನು ಎತ್ತುವುದಿಲ್ಲ. ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಏನು ಬರುತ್ತದೋ ನನಗೇ ಗೊತ್ತಿಲ್ಲ. ಆ ಎಂಜಿನಿಯರ್ ನನ್ನ ಶತ್ರು ಎಂದುಕೊಂಡಿದ್ದೆನಲ್ಲ! ಅವನು ಓದಿದ್ದು ನಿನ್ನ ಮುದ್ರೆ.

ನೀನು ಅಳುವುದು ನನಗೆ ಬೇಡ. ಅಂಕಿ ಬೇಕು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಮಿಲಿಮೀಟರು ತಿದ್ದಿದೆ, ನಿನ್ನ ಕೈಬರಹದಲ್ಲಿ, ಶಾಯಿಯಲ್ಲಿ, ಸಹಿ ಹಾಕಿ ಕಳಿಸು. ಒಂಬತ್ತಕ್ಕೆ ಮೊದಲು.


ಜುಲೈ 5

ಅಕ್ಕಾ,

ಏಪ್ರಿಲ್ 10, ಸಂಜೆ 4.40, ಇಪ್ಪತ್ತೊಂದು ಮಿಲಿಮೀಟರು. ಮೇ 12, ಬೆಳಿಗ್ಗೆ 9.15, ಇಪ್ಪತ್ತು. ಜೂನ್ 9, ಬೆಳಿಗ್ಗೆ 8.50, ಇಪ್ಪತ್ತೆರಡು. ಒಟ್ಟು ಅರವತ್ತಮೂರು. ಮೂರನ್ನೂ ಮಾಡಿದವನು ನಾನೇ. ನಿಲ್ದಾಣ ನನ್ನ ಅಕ್ಕನದೆಂದು ತಿಳಿದೂ ಮಾಡಿದೆ. ಇದರ ಜೊತೆ ಬೇರೆ ಹಾಳೆಯಲ್ಲಿ ಇದನ್ನೇ ಬರೆದು ಸಹಿ ಹಾಕಿ, ಟೈರ್ ಅಂಗಡಿಯವನಿಂದ ಸಾಕ್ಷಿ ಸಹಿ ಹಾಕಿಸಿದ್ದೇನೆ.

ನನ್ನ ತಪ್ಪನ್ನು ನಾನೇ ಸಮಿತಿಗೆ ವರದಿ ಮಾಡಿದೆ. ಮೇಲೆ ಯಜಮಾನನಿಲ್ಲ ಎಂದು ನೀನು ಹೇಳಿದ್ದೆ. ಸಮಿತಿ ಎಂಬುದೊಂದಿದೆ, ಯಜಮಾನನಿಗಿಂತ ಜೋರು. ಆ ಒಂದು ಯಂತ್ರದ ದೋಷ ಎಂದು ಬರೆದುಕೊಟ್ಟರೆ ನಿನ್ನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಡೀ ಜಾಲದ ಮೇಲೆ ಜನರ ನಂಬಿಕೆ ಹೋಗುತ್ತದೆ ಅಂದರು. ನಾನು ಆಗುವುದಿಲ್ಲ ಅಂದೆ. "ನಾಲ್ಕನೇ ಸಲ ತಿದ್ದಲ್ಲ ಸ್ವಾಮಿ, ಏನು ಬೇಕಾದ್ರೂ ಮಾಡ್ಕೊಳ್ಳಿ" ಅಂದುಬಿಟ್ಟೆ. ಮಾಡಿಕೊಂಡರು. ನಿನ್ನೆಯಿಂದ ಕೆಲಸವಿಲ್ಲ.

ಒಂದು ವಿಷಯ ಅವರ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ನಾನು ತಿದ್ದಿದ್ದು ನೋಂದಣಿಯನ್ನು ಮಾತ್ರ. ಆಂಟೆನಾ ದಿನಾ ಕೇಳಿಸಿಕೊಂಡ ಆಕಾಶದ ಸದ್ದು ಹಾಗೇ ಇದೆ, ಅದರ ನಕಲು ಜಾಲದ ನೂರಾರು ಕಂಪ್ಯೂಟರುಗಳಲ್ಲಿದೆ, ಯಾರೂ ಅಳಿಸಲಾರರು. ನನ್ನ ಮೂರು ತಿದ್ದುಪಡಿಗಳೂ ನನ್ನ ಸಂಖ್ಯೆಯೊಂದಿಗೆ ಅಲ್ಲೇ ಉಳಿದಿವೆ. ನಿನ್ನ ಫೀಲ್ಡ್ ಪುಸ್ತಕದ ನಿಯಮವೇ.

ಯಾರೂ ನನ್ನ ಮಾತು ನಂಬಬಾರದು, ಸರಿ. ಆದ್ದರಿಂದ ನಿನ್ನ ಸುತ್ತಲಿನ ಮೂರು ಚಾವಣಿಯವರಿಗೆ ಬರೆದೆ. ಒಂದು ಬೇಕರಿ, ಒಂದು ಶಾಲೆ, ಒಂದು ಗ್ಯಾರೇಜು. ಅವರಿಗೆ ನಾನೂ ಗೊತ್ತಿಲ್ಲ, ನೀನೂ ಗೊತ್ತಿಲ್ಲ. ತಮ್ಮ ತಮ್ಮ ಚಾವಣಿಯಿಂದ ನಿನ್ನ ತಾರಸಿ ಎಷ್ಟು ಕೆಳಗೆ ಹೋಗಿದೆ ಎಂದು ಲೆಕ್ಕ ಹಾಕಿ, ನೇರವಾಗಿ ಕಟ್ಟಡ ಕಚೇರಿಗೇ ಕಳಿಸಲು ಕೇಳಿಕೊಂಡಿದ್ದೇನೆ. ಲೆಕ್ಕ ನನಗೆ ತೋರಿಸಬೇಡಿ ಎಂದೂ ಹೇಳಿದ್ದೇನೆ.

ನನ್ನ ಹೆಸರನ್ನು ಅಲ್ಲಿ ಗಟ್ಟಿಯಾಗಿ ಹೇಳು. ಮುಚ್ಚಬೇಡ.

ಗೂಟ


ಜುಲೈ 28

ಗೂಟಕ್ಕೆ,

ಈ ಕಾಗದವನ್ನು ಬಾಡಿಗೆಯ ಕೋಣೆಯಲ್ಲಿ, ಇನ್ನೊಬ್ಬರ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಬಾಗಿಲು ಸಲೀಸಾಗಿ ಹಾಕಿಕೊಳ್ಳುತ್ತದೆ. ಇನ್ನೂ ಅಭ್ಯಾಸವಾಗಿಲ್ಲ.

ಒಂಬತ್ತರಂದು ನಡೆದದ್ದು ಹೇಳುತ್ತೇನೆ. ನಿನ್ನ ಹಾಳೆಯನ್ನು ಅಧಿಕಾರಿಯ ಮುಂದಿಟ್ಟೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ಯಾರಮ್ಮ ಈ ಪರಿಶೀಲಕ?"

"ನನ್ನ ತಮ್ಮ."

ಎಂಜಿನಿಯರ್ ಕಾಯುತ್ತಿದ್ದವನ ಹಾಗೆ ಎದ್ದ. "ನೋಡಿ ಸಾರ್! ಮೊದಲು ಅಕ್ಕನ ಲಾಭಕ್ಕೆ ಸುಳ್ಳು ಮುದ್ರೆ ಒತ್ತಿದ್ದಾನೆ. ಈಗ ಅಕ್ಕನ ಲಾಭಕ್ಕೆ ತಪ್ಪೊಪ್ಪಿಗೆ ಬರೆದಿದ್ದಾನೆ. ಇಂಥವನ ಮಾತು ನಂಬಬೇಕಾ?"

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಿನ್ನನ್ನು ಬೈದವನ ಮೇಲೆ ಬಂದಷ್ಟು ಸಿಟ್ಟು ನಿನ್ನ ಮೇಲೂ ಬಂದಿರಲಿಲ್ಲ. ಆದರೆ ಅವನು ಹೇಳಿದ್ದು ಸರಿಯಾಗಿತ್ತು.

"ನಂಬಬೇಡಿ," ಅಂದೆ. "ಅವನನ್ನ ನಂಬಬೇಡಿ, ನನ್ನನ್ನೂ ನಂಬಬೇಡಿ. ನಾವಿಬ್ಬರೂ ಮುಚ್ಚಿಟ್ಟವರೇ. ಅವನು ಅಂಕಿ ತಿದ್ದಿದ. ನಾನು ಮಾರ್ಚಿನಲ್ಲೇ ನನ್ನ ಮಲಗೋ ಕೋಣೇಲಿ ಬಿರುಕು ಕಂಡೆ. ಆಂಟೆನಾ ಕೊರೆದದ್ದಕ್ಕೇ ಬಂತು ಅಂತಾರೆ, ಕಿತ್ತು ಹಾಕಿಸ್ತಾರೆ ಅಂತ ಹೆದರಿ ಅದರ ಮೇಲೆ ದೊಡ್ಡ ಕನ್ನಡಿ ತೂಗುಹಾಕಿದೆ. ದಿನಾ ಅದರಲ್ಲೇ ಮುಖ ನೋಡ್ಕೊಂಡೆ. ಅದನ್ನೂ ಬರ್ಕೊಳ್ಳಿ. ಬರ್ಕೊಂಡು ಆಮೇಲೆ ನಮ್ಮ ಸಂಬಂಧಿಕರಲ್ಲದವರನ್ನ ಕೇಳಿ."

ನಿನಗೂ ಇದನ್ನು ಈಗಲೇ ಹೇಳುತ್ತಿರುವುದು. ಕನ್ನಡಿ ಅಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಬರೆದಿದ್ದೆನಲ್ಲ, ಆ ಸಾಲಿನ ಮೇಲೆ ಒಂದು ಗೀಟು ಎಳೆದುಕೋ. ಹೊಲಿಗೆಯವಳು ಹಿಂದಿನ ಬೆಂಚಿನಲ್ಲೇ ಕೂತಿದ್ದಳು. ಅವಳ ಕಡೆ ತಿರುಗಿ ನೋಡಲು ನನಗೆ ಬಹಳ ಹೊತ್ತು ಹಿಡಿಯಿತು.

ಅಧಿಕಾರಿ ಮೂರು ಲಕೋಟೆ ಒಡೆದರು. ಬೇಕರಿ, ಶಾಲೆ, ಗ್ಯಾರೇಜು. ಎಂಬತ್ತೆಂಟು, ಎಂಬತ್ತೊಂಬತ್ತು, ಎಂಬತ್ತೆಂಟು ಮಿಲಿಮೀಟರು; ನೀನು ಎಂಬತ್ತೊಂದು ಎಂದು ಬರೆದ ಮೇಲೂ ಇಳಿದಿದೆ. ನನ್ನ ಪುಸ್ತಕದ ಐದು ಶುಕ್ರವಾರಗಳೂ ಅವರ ರೇಖೆಯ ಮೇಲೆ ಬಂದು ಕೂತವು. ಕೋಲು ತೂಗಿದ್ದಕ್ಕೆ ಒಂದೆರಡು ಮಿಲಿಮೀಟರು ಆಚೀಚೆ, ಅಷ್ಟೇ. ಬೇಕರಿಯವನು ಖುದ್ದಾಗಿ ಬಂದಿದ್ದ, ಅಂಗಿಯ ತೋಳಿನಲ್ಲಿ ಹಿಟ್ಟು ಹಾಗೇ ಇತ್ತು. "ನಿಮಗೆ ಇವರು ಗೊತ್ತಾ?" ಎಂದು ಎಂಜಿನಿಯರ್ ಕೇಳಿದ. "ಗೊತ್ತಿಲ್ಲ ಸ್ವಾಮಿ. ನನ್ನ ಚಾವಣಿ ಮಾತ್ರ ಗೊತ್ತು. ಅದು ಕದಲಿಲ್ಲ, ಇವರದು ಕದಲಿದೆ" ಅಂದ. ಕಂಡಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿ ಬೈಸಿಕೊಂಡರು.

ಪಂಪು ಅವತ್ತೇ ನಿಂತಿತು. ಗುಂಡಿ ಮುಚ್ಚಬೇಕು, ನಮ್ಮ ಪಾಯ ಭದ್ರಪಡಿಸುವುದೂ ಅಲ್ಲಿಯವರೆಗೆ ನಮ್ಮ ವಾಸವೂ ಅವರದೇ ಹೊಣೆ ಎಂದು ಆದೇಶವಾಯಿತು. ಹತ್ತರಂದು ಉಳಿದವರೂ ಮನೆ ಬಿಟ್ಟೆವು. ಗಾಲಿಕುರ್ಚಿಯನ್ನು ಕೊನೆಯ ಸಲ ಲಿಫ್ಟಿನಲ್ಲಿ ಇಳಿಸುವಾಗ ಈ ಸಲ "ರೈಟ್" ಅಂದವರು ಕಂಡಕ್ಟರ ಹೆಂಡತಿ.

ಹದಿಮೂರರಂದು ಮಧ್ಯಾಹ್ನ ಹೊಲಿಗೆಯವಳ ಮುಂದಿನ ಕೋಣೆಯ ಗೋಡೆ ಗುಂಡಿಯ ಕಡೆಗೆ ಬಿತ್ತು. ಯಂತ್ರ ಇಟ್ಟಿದ್ದ ಜಾಗದಲ್ಲಿ, ಅವಳು ದಿನಾ ಆ ಹೊತ್ತಿಗೆ ಕೂರುತ್ತಿದ್ದ ಜಾಗದಲ್ಲಿ ಇಟ್ಟಿಗೆಯ ರಾಶಿ. ನಾವಿಬ್ಬರೂ ಬೀದಿಯ ಈಚೆ ನಿಂತು ನೋಡಿದೆವು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ನನಗೆ ನೀನು ಜೂನ್ 9ರ ಬೆಳಿಗ್ಗೆ 8.50 ಎಂದು ಬರೆದದ್ದು ನೆನಪಾಯಿತು. ಜುಲೈನಲ್ಲೂ ಒಂದು ಸಲ ತಿದ್ದಿದ್ದರೆ ಆ ರಾಶಿಯ ಕೆಳಗೆ ಅವಳಿರುತ್ತಿದ್ದಳು. ನೀನು ತಿದ್ದಲಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ದಿನ ತಾರೀಕು ಹಾಕಿ ತಿಳಿಸುತ್ತೇನೆ.

ಆಂಟೆನಾ ಇಳಿಸಲಿಲ್ಲ. ಸಮಿತಿಯವರು ನಾಣ್ಯ ನಿಲ್ಲಿಸಿ ಚುಕ್ಕಿಯನ್ನು ಕೆಂಪು ಮಾಡಿದ್ದಾರೆ, "ಅಸ್ಥಿರ ನಿಲ್ದಾಣ, ತೆಗೆಯಿರಿ" ಎಂದು ಮೂರು ಪತ್ರ ಬರೆದಿದ್ದಾರೆ. ನಾನು ತೆಗೆಯುವುದಿಲ್ಲ. ಖಾಲಿ ಕಟ್ಟಡದ ಮೇಲೆ ಅದೊಂದೇ ಕೂತು ನಾನು ಇಳಿಯುತ್ತಿದ್ದೇನೆ ಎಂದು ಹೇಳುತ್ತಿರಲಿ. ಟ್ರ್ಯಾಕ್ಟರಿಗೆ ಬೇಡವಾದರೆ ಬೇಡ, ನಮಗೆ ಬೇಕು.

ಈಗ ಕೆಲಸದ ಮಾತು. ಗುಂಡಿಯ ಆಚೆಯ ಮಗ್ಗುಲಿನಲ್ಲಿ ಇನ್ನೂ ಹದಿನಾಲ್ಕು ಕಟ್ಟಡಗಳಿವೆ. ನಮ್ಮದೂ ಅಳೆಯಿರಿ ಎಂದು ಜನ ಬಂದು ಬಾಗಿಲು ತಟ್ಟುತ್ತಿದ್ದಾರೆ. ಸೈಟಿನವರು ಬೇರೆ ಅಧಿಕಾರಿಯ ಮುಂದೆ ಮೇಲ್ಮನವಿ ಹಾಕಿದ್ದಾರಂತೆ, ಹಾಕಲಿ. ಹದಿನಾಲ್ಕೂ ತಾರಸಿಯ ಮೇಲೆ ಆಂಟೆನಾ ಕೂರಿಸುತ್ತೇವೆ, ಹದಿನಾಲ್ಕೂ ಬಾಗಿಲಲ್ಲಿ ಲೆವೆಲ್ ಹಿಡಿಯುತ್ತೇವೆ. ಕಂಡಕ್ಟರು ಉತ್ಸಾಹದಿಂದ ಕುಣಿಯುತ್ತಿದ್ದಾರೆ, ಅವರ ಕೈಯಲ್ಲಿ ಕೋಲೂ ಕುಣಿಯುತ್ತಿದೆ. ನನಗೆ ಅಲ್ಲಾಡದೆ ನಿಲ್ಲುವವನು ಬೇಕು.

ಹೊಲಿಗೆಯವಳಿಗೆ ನೀನು ಬರುತ್ತೀಯ ಎಂದು ಹೇಳಿದ್ದೇನೆ. "ಬರಲಿ ಅಕ್ಕಾ, ನನಗೂ ಅವರ ಹತ್ರ ನಾಲ್ಕು ಮಾತು ಆಡೋದಿದೆ" ಅಂದಳು. ಅದನ್ನು ನೀನು ನಿಂತು ಕೇಳಬೇಕು.

ಆ ಟೈರ್ ಅಂಗಡಿಯವನಿಗೆ ಹೇಳಿ ಹೊರಡು. ಪೆನ್ನು ತಾ, ರಬ್ಬರು ಬೇಡ.

ಅಕ್ಕ